ಸಹಿ ಸಂಗ್ರಹಿಸಿದರೆ ತೆರಿಗೆ ರದ್ದಾಗುತ್ತದೆಯೇ?

ತೆರಿಗೆ ಏರಿಕೆ ಮತ್ತು ಸಾರ್ವಜನಿಕ ಮನವಿಗಳ ಕುರಿತು ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇವೆ, ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಪುರಸಭೆಯಲ್ಲಿ ಈ ವರ್ಷ ಮನೆ ಕಂದಾಯ ಹಿಂದಿನ ವರ್ಷಕ್ಕಿಂತ ಬಹಳ ಹೆಚ್ಚಾಗಿದೆ. ಓಣಿಯ ಹುಡುಗರು ಮನೆಮನೆಗೆ ಹೋಗಿ ಸಹಿ ಪಡೆಯುತ್ತಿದ್ದಾರೆ. ‘ಮನವಿ ಕೊಟ್ಟು ತೆರಿಗೆ ಇಳಿದದ್ದನ್ನು ನಾನಂತೂ ಕಂಡಿಲ್ಲ’ ಎಂದು ನಿವೃತ್ತ ನೌಕರರೊಬ್ಬರು ಹೇಳುತ್ತಾರೆ. ಇಷ್ಟು ಸಹಿಗಳಾದರೆ ತೆರಿಗೆಯನ್ನು ಹಿಂಪಡೆಯಲೇಬೇಕು ಎಂಬ ಕಾನೂನು ಇದೆಯೇ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಂಥ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಇದರ ಇನ್ನೊಂದು ಮುಖವೆಂದರೆ, ಕಾನೂನಿನ ಮೂಲಕ ಬಂದ ತೆರಿಗೆ ಕಾನೂನಿನ ಮೂಲಕವೇ ಹೋಗಬೇಕು. ಹತ್ತು ಸಹಿಗಳಿರಲಿ, ಹತ್ತು ಲಕ್ಷ ಸಹಿಗಳಿರಲಿ, ಮನವಿ ಪತ್ರಕ್ಕೆ ತಾನಾಗಿಯೇ ತೆರಿಗೆಯನ್ನು ಅಳಿಸುವ ಶಕ್ತಿ ಇಲ್ಲ. ಆದರೆ ಮನವಿ ಸಲ್ಲಿಸುವುದು ನಿಮ್ಮ ಹಕ್ಕು. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದೆಂದು 350ನೇ ವಿಧಿ ಸ್ಪಷ್ಟವಾಗಿಯೇ ಹೇಳಿದೆ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಸಲು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಿಮ್ಮ ಓಣಿಯ ಹುಡುಗರು ಮೊದಲು ತಿಳಿದುಕೊಳ್ಳಬೇಕಾದದ್ದು, ಏರಿಕೆಯನ್ನು ಮಾಡಿದವರು ಯಾರು ಎಂಬುದನ್ನು. ಮನೆ ಕಂದಾಯ ಹೆಚ್ಚಾಗಿದೆ ಎಂದಾಕ್ಷಣ ಜನರು ಪುರಸಭೆಯ ಸದಸ್ಯರನ್ನು ಹಿಡಿದು ನಿಲ್ಲಿಸುತ್ತಾರೆ. ಆದರೆ ಆ ಏರಿಕೆ ಮೂರು ಕಡೆಗಳಿಂದ ಬರಬಹುದು. ಒಂದು, ಪುರಸಭೆಯ ಸಾಮಾನ್ಯ ಸಭೆಯೇ ದರವನ್ನು ಪರಿಷ್ಕರಿಸಿ ಠರಾವು ಮಾಡಿರಬಹುದು. ಎರಡು, ಆಸ್ತಿ ತೆರಿಗೆಯನ್ನು ವರ್ಷಕ್ಕೆ ಶೇ. 3ರಿಂದ 5ರವರೆಗೆ ಏರಿಸುವ ವ್ಯವಸ್ಥೆ ರಾಜ್ಯದ ಕಾನೂನಿನಲ್ಲಿಯೇ ಇದೆ. ಅದನ್ನು ನಿಲ್ಲಿಸುವ ಅಧಿಕಾರ ನಿಮ್ಮ ವಾರ್ಡಿನ ಸದಸ್ಯರಿಗೆ ಇಲ್ಲ. ಮೂರು, ತೆರಿಗೆಯ ಲೆಕ್ಕ ನಿಂತಿರುವುದು ಆಸ್ತಿಯ ಮಾರ್ಗಸೂಚಿ ದರದ ಮೇಲೆ. ಆ ದರವನ್ನು ನಿಗದಿಪಡಿಸುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ವ್ಯವಸ್ಥೆ. ರಾಜ್ಯದಲ್ಲಿ ಮಾರ್ಗಸೂಚಿ ದರಗಳು 2023ರ ಅಕ್ಟೋಬರ್ 1ರಂದು ಪರಿಷ್ಕೃತಗೊಂಡವು. ಅಂಥ ಪರಿಷ್ಕರಣೆಯ ಬಿಸಿ ತೆರಿಗೆಯ ಚಲನ್‌ನಲ್ಲಿ ಕಾಣಿಸಿಕೊಂಡಾಗ, ಜನ ಅದನ್ನು ಪುರಸಭೆಯ ಕೆಲಸವೆಂದೇ ತಿಳಿಯುತ್ತಾರೆ.

ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದನ್ನು ಮುಖ್ಯಾಧಿಕಾರಿಯವರ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೌಖಿಕವಾಗಿ ಹೇಳದಿದ್ದರೆ ಸಾಮಾನ್ಯ ಸಭೆಯ ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನ ಅಡಿಯಲ್ಲಿ ಪಡೆಯಬಹುದು. ಅಧಿಕಾರವಿಲ್ಲದ ಕಚೇರಿಗೆ ಕೊಟ್ಟ ಮನವಿ ‘ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ’ ಎಂಬ ಹಿಂಬರಹದೊಂದಿಗೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಆ ನಿವೃತ್ತ ನೌಕರರ ಅನುಭವ ಬಹುಶಃ ಇಂಥ ಮನವಿಗಳದ್ದೇ ಇರಬೇಕು.

ಎರಡನೆಯದು ಸಮಯ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ, ಪುರಸಭೆ ತೆರಿಗೆ ವಿಧಿಸುವ ಮೊದಲು ಪ್ರಸ್ತಾವವನ್ನು ಪ್ರಕಟಿಸಿ, ನಿವಾಸಿಗಳ ಆಕ್ಷೇಪಣೆಗಳನ್ನು ಪಡೆದು ಪರಿಶೀಲಿಸಬೇಕು. ಮಾರ್ಗಸೂಚಿ ದರಗಳ ಕರಡಿಗೂ ಆಕ್ಷೇಪಣೆ ಆಹ್ವಾನಿಸುವ ಪದ್ಧತಿಯಿದೆ. ಆ ದಿನಗಳಲ್ಲಿ ಸಲ್ಲಿಸಿದ ನೂರು ಆಕ್ಷೇಪಣೆಗಳನ್ನು ಪರಿಶೀಲಿಸುವ ಹೊಣೆ ಕಚೇರಿಯ ಮೇಲಿರುತ್ತದೆ. ದರ ಜಾರಿಯಾದ ಮೇಲೆ ಕೊಟ್ಟ ಹತ್ತು ಸಾವಿರ ಸಹಿಗಳ ವಿಷಯದಲ್ಲಿ ಅಂಥ ಹೊಣೆ ಇಲ್ಲ. ದುರದೃಷ್ಟವೆಂದರೆ ಕರಡಿನ ಪ್ರಕಟಣೆ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರಗಳಲ್ಲಿಯೋ ಕಚೇರಿಯ ಸೂಚನಾ ಫಲಕದಲ್ಲಿಯೋ ಇರುತ್ತದೆ, ಚಲನ್ ಮಾತ್ರ ಮನೆಯ ಬಾಗಿಲಿಗೆ ಬರುತ್ತದೆ. ಸಹಿ ಸಂಗ್ರಹದ ಉತ್ಸಾಹ ಸಾಮಾನ್ಯವಾಗಿ ಹುಟ್ಟುವುದು ಚಲನ್ ಕೈಗೆ ಬಂದ ಮೇಲೆಯೇ.

ಏರಿಕೆ ರಾಜ್ಯದ ಕಾನೂನಿನಿಂದ ಬಂದಿದ್ದರೆ, ನಿಮ್ಮ ಕ್ಷೇತ್ರದ ಶಾಸಕರ ಮೂಲಕ ವಿಧಾನಸಭೆಯ ಅರ್ಜಿಗಳ ಸಮಿತಿಯ ಮುಂದೆ ವಿಷಯವನ್ನು ಒಯ್ಯಬಹುದು. ಇದು ನಿಧಾನದ ದಾರಿ. ಆದರೂ ಸಮಿತಿ ಇಲಾಖೆಯಿಂದ ವಿವರಣೆ ಕೇಳುತ್ತದೆ ಎಂಬುದೇ ಒಂದು ಲಾಭ.

ಪ್ರಶ್ನೆ: ಸ್ಯಾನಿಟರಿ ಪ್ಯಾಡ್‌ಗಳ ಮೇಲಿನ ಜಿಎಸ್‌ಟಿ ರದ್ದಾದದ್ದು ಮಹಿಳೆಯರ ಸಹಿ ಅಭಿಯಾನದಿಂದ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿದೆ. ಎದುರಾಳಿ ತಂಡದವರು ಅದು ಸರ್ಕಾರದ ಸ್ವಂತ ನಿರ್ಧಾರ ಎಂದರು. ಯಾರು ಸರಿ?
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನಿಮ್ಮ ವಾದಕ್ಕೆ ಹೆಚ್ಚು ಬಲವಿದೆ, ಆದರೆ ಪೂರ್ತಿ ಅಂಕ ಕೊಡಲಾಗದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಪ್ಯಾಡ್‌ಗಳ ಮೇಲೆ ಶೇ. 12ರ ದರ ನಿಗದಿಯಾಗಿತ್ತು. ಬಿಂದಿ, ಕುಂಕುಮ, ಬಳೆಗಳಿಗೆ ತೆರಿಗೆ ಇರಲಿಲ್ಲ. ಈ ವೈಷಮ್ಯವೇ ಅಭಿಯಾನಕ್ಕೆ ಕಸುವು ಕೊಟ್ಟಿತು. ಆಗ ಲೋಕಸಭಾ ಸದಸ್ಯೆಯಾಗಿದ್ದ ಸುಷ್ಮಿತಾ ದೇವ್ ಅವರು ಆರಂಭಿಸಿದ ಅಂತರ್ಜಾಲದ ಮನವಿಗೆ ಲಕ್ಷಾಂತರ ಸಹಿಗಳು ಬಂದವು. ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ದಾಖಲಾಯಿತು; ಬಿಂದಿ, ಕಾಡಿಗೆಗಳಿಗೆ ವಿನಾಯಿತಿ ಇರುವಾಗ ಪ್ಯಾಡ್‌ಗಳಿಗೆ ಏಕಿಲ್ಲ ಎಂದು ನ್ಯಾಯಪೀಠ 2017ರ ನವೆಂಬರಿನಲ್ಲಿ ಸರ್ಕಾರವನ್ನು ಕೇಳಿತು.

ಸರ್ಕಾರದ ಉತ್ತರವೂ ಹುಸಿಯಾಗಿರಲಿಲ್ಲ ಎಂಬುದನ್ನು ಅಭಿಯಾನದ ಬೆಂಬಲಿಗರು ಸಾಮಾನ್ಯವಾಗಿ ಹೇಳುವುದಿಲ್ಲ. ಪ್ಯಾಡ್ ತಯಾರಿಕೆಗೆ ಬೇಕಾದ ಕಚ್ಚಾ ಸಾಮಗ್ರಿಗಳ ಮೇಲೆ ಶೇ. 12 ಮತ್ತು 18ರ ತೆರಿಗೆ ಇತ್ತು. ಸಿದ್ಧವಸ್ತುವಿಗೆ ವಿನಾಯಿತಿ ಕೊಟ್ಟರೆ, ತಯಾರಕರು ಕಚ್ಚಾ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲಾಗದೆ ಅದು ಬೆಲೆಯೊಳಗೇ ಉಳಿಯುತ್ತದೆ. ಆಮದಾದ ಪ್ಯಾಡ್‌ಗಳು ಮಾತ್ರ ತೆರಿಗೆಯಿಲ್ಲದೆ ಒಳಬರುತ್ತವೆ. ಹಣಕಾಸು ಸಚಿವಾಲಯ 2017ರ ಜುಲೈನಲ್ಲೇ ಈ ವಾದವನ್ನು ಮುಂದಿಟ್ಟಿತ್ತು.

ಕೊನೆಗೆ 2018ರ ಜುಲೈ 21ರಂದು ಜಿಎಸ್‌ಟಿ ಮಂಡಳಿಯ 28ನೇ ಸಭೆ ವಿನಾಯಿತಿಯನ್ನು ಒಪ್ಪಿತು, ಜುಲೈ 27ರಿಂದ ಅದು ಜಾರಿಯಾಯಿತು. ಅಂದರೆ ಒಂದು ವರ್ಷಕ್ಕೂ ಮೇಲ್ಪಟ್ಟ ಒತ್ತಡ ಬೇಕಾಯಿತು. ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡರಷ್ಟು ತೂಕ. ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬಹುಮತ ಬೇಕು. ಆದ್ದರಿಂದ ದೆಹಲಿಯ ಒಬ್ಬ ಮಂತ್ರಿಗೆ ಮಾತ್ರ ಸಲ್ಲಿಸಿದ ಮನವಿ ಇಲ್ಲಿ ಸಾಲುವುದಿಲ್ಲ. ಈ ಪ್ರಕರಣದಲ್ಲಿ ಸಹಿಗಳ ಜೊತೆಗೆ ಸಂಸತ್ ಸದಸ್ಯರೊಬ್ಬರು, ನ್ಯಾಯಾಲಯದ ಪ್ರಶ್ನೆ, ಮಾಧ್ಯಮಗಳ ಬೆಂಬಲ ಎಲ್ಲವೂ ಇದ್ದವು. ಇನ್ನೊಂದು ಸಂಗತಿಯನ್ನೂ ಸೇರಿಸಬೇಕು: ಪ್ಯಾಡ್‌ನಿಂದ ಬರುತ್ತಿದ್ದ ತೆರಿಗೆ ಒಟ್ಟು ಜಿಎಸ್‌ಟಿ ಆದಾಯದ ಎದುರು ಅತ್ಯಲ್ಪ. ಬಿಟ್ಟುಕೊಟ್ಟರೆ ಖಜಾನೆಗೆ ದೊಡ್ಡ ನಷ್ಟವಿಲ್ಲ, ಬಿಟ್ಟುಕೊಡದಿದ್ದರೆ ಕೆಟ್ಟ ಹೆಸರು ತಪ್ಪುವುದಿಲ್ಲ. ಇಂಥ ತೆರಿಗೆಗಳ ವಿಷಯದಲ್ಲಿ ಮನವಿಗಳು ಗೆಲ್ಲುವ ಸಂಭವ ಹೆಚ್ಚು.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದ್ದೇ ಉದಾಹರಣೆಯನ್ನು ನೋಡಿ. 2024ರ ಜೂನ್ 15ರಂದು ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಲಾಯಿತು, ಡೀಸೆಲ್‌ನದ್ದನ್ನೂ ಏರಿಸಲಾಯಿತು. ವಿರೋಧ ಪಕ್ಷದವರು ಬೀದಿಗಿಳಿದರು, ಮನವಿಗಳು ಹರಿದುಬಂದವು. ಸರ್ಕಾರ ಹಿಂದೆ ಸರಿಯಲಿಲ್ಲ; 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ತೆರಿಗೆ ಮತ್ತೆ ಏರಿ ಶೇ. 21.17 ಆಯಿತು. ಈ ತೆರಿಗೆಯ ಮೊತ್ತ ದೊಡ್ಡದು. ಅಲ್ಲದೆ ಅದು ತೈಲ ಕಂಪನಿಗಳ ಮೂಲಕ ಸಂದಾಯವಾಗುವುದರಿಂದ, ಬಂಕಿಗೆ ಹೋದವನು ಎಷ್ಟೇ ಸಿಟ್ಟಾದರೂ ‘ನಾನು ಕೊಡುವುದಿಲ್ಲ’ ಎನ್ನುವಂತಿಲ್ಲ.

ಪ್ರಶ್ನೆ: ನಾವು ಮಲಪ್ರಭಾ ಅಚ್ಚುಕಟ್ಟಿನವರು. 1980ರಲ್ಲಿ ಕರ ನಿಂತದ್ದು ಮನವಿಯಿಂದಲ್ಲ, ರಕ್ತದಿಂದ. ಹಾಗಿರುವಾಗ ಸಹಿ, ಮನವಿ ಎಂದು ಜನರನ್ನು ದಾರಿ ತಪ್ಪಿಸುವುದು ಸರಿಯೇ?
— ರೈತರು, ಗದಗ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚಿತೆಂಬ ಕಾರಣಕ್ಕೆ ಸರ್ಕಾರ ಅಭಿವೃದ್ಧಿ ಕರ ವಿಧಿಸಿತು. ನೀರಿನ ಕರ ಬೇರೆ. ಎಷ್ಟೋ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ, ಅದೇ ಹೊತ್ತಿಗೆ ಹತ್ತಿಯ ಬೆಲೆ ಕುಸಿಯಿತು. ನೀರು ಕಾಣದ ಹೊಲಕ್ಕೂ ಕರದ ನೋಟಿಸು ಬಂದರೆ ಯಾವ ರೈತ ಸುಮ್ಮನಿದ್ದಾನು? ಸಮನ್ವಯ ಸಮಿತಿ ಕಟ್ಟಿಕೊಂಡು ರೈತರು ಮೊದಲು ಮಾಡಿದ್ದು ಬೇಡಿಕೆಗಳನ್ನು ಬರೆದು ಅಧಿಕಾರಿಗಳ ಮುಂದೆ, ಮಂತ್ರಿಗಳ ಮುಂದೆ ಇಡುವುದನ್ನೇ. ಅವುಗಳಿಗೆ ತಕ್ಕ ಉತ್ತರ ಬರಲಿಲ್ಲ. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು, ಪೊಲೀಸರ ಗುಂಡಿಗೆ ರೈತರು ಬಲಿಯಾದರು, ಪೊಲೀಸರೂ ಜೀವ ಕಳೆದುಕೊಂಡರು. ಆ ಬಳಿಕ ಗುಂಡೂರಾವ್ ಅವರ ಸರ್ಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ರಾಜ್ಯ ರೈತ ಸಂಘ ರೂಪುಗೊಂಡದ್ದು ಆ ವರ್ಷವೇ. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅದರ ಕಾರಣಗಳಲ್ಲಿ ನರಗುಂದದ ಹೆಸರನ್ನು ಯಾರೂ ಬಿಡುವುದಿಲ್ಲ.

ಆದರೂ ಈ ಇತಿಹಾಸದಿಂದ ಮನವಿ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದನ್ನು ಈ ಅಂಕಣ ಒಪ್ಪುವುದಿಲ್ಲ. ಅಂದು ಮನವಿಯನ್ನು ಓದಿ, ನೀರು ತಲುಪದ ಜಮೀನುಗಳ ಸಮೀಕ್ಷೆ ಮಾಡಿಸಿ, ಅವುಗಳ ಮಟ್ಟಿಗಾದರೂ ವಸೂಲಿಯನ್ನು ತಡೆದಿದ್ದರೆ ಗೋಲಿಬಾರಿನ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಸೋತದ್ದು ಮನವಿಯನ್ನು ಓದಬೇಕಾಗಿದ್ದ ಆಡಳಿತ. ಹೋರಾಟದ ಬೇಡಿಕೆ ಏನೆಂದು ಇಂದಿಗೂ ನಾವು ಖಚಿತವಾಗಿ ಹೇಳಬಲ್ಲೆವಾದರೆ, ಅದನ್ನು ಮೊದಲೇ ಬರೆದಿಟ್ಟವರಿಗೆ ಅದರ ಶ್ರೇಯಸ್ಸು ಸಲ್ಲಬೇಕು.

ಮನವಿಯೇ ಇಲ್ಲದೆ ಗೆದ್ದದ್ದೂ ಉಂಟು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಹೊಸೂರು ರಸ್ತೆಯಲ್ಲಿಯೂ ಬೇರೆಡೆಯಲ್ಲಿಯೂ ಸಂಚಾರ ತಡೆದು ಕುಳಿತರು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಇದು ತೆರಿಗೆಯಲ್ಲ ನಿಜ, ಆದರೂ ಜೇಬಿಗೆ ಕೈಹಾಕುವ ಆದೇಶವೇ. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂಪಡೆಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ಭವಿಷ್ಯ ನಿಧಿಯ ಶೇ. 60ರಷ್ಟು ಮೊತ್ತವನ್ನು ತೆರಿಗೆಗೆ ಒಳಪಡಿಸುವ ಪ್ರಸ್ತಾವವಿತ್ತು. ಫೆಬ್ರುವರಿ 29ರಂದು ಮಂಡಿಸಿದ್ದನ್ನು ಅರುಣ್ ಜೇಟ್ಲಿಯವರು ಮಾರ್ಚ್ 8ರಂದು ಕೈಬಿಟ್ಟರು. ಅಲ್ಲಿ ಅಂತರ್ಜಾಲದ ಸಹಿಗಳೂ ಇದ್ದವು, ಕಾರ್ಮಿಕ ಸಂಘಟನೆಗಳೂ ಇದ್ದವು. ಮುಖ್ಯವಾಗಿ, ಪ್ರಸ್ತಾವ ಇನ್ನೂ ಕಾನೂನಾಗಿರಲಿಲ್ಲ. ಸಂಬಳದಾರರ ಮನವಿಗೆ ಎಂಟೇ ದಿನಗಳಲ್ಲಿ ಓಗೊಟ್ಟ ವ್ಯವಸ್ಥೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತವರ ಮಾತು ಕೇಳಲು ರಸ್ತೆತಡೆ ಬೇಕಾಯಿತು ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ ಜನರೇ ಸಹಿ ಸಂಗ್ರಹಿಸಿ, ಮತ ಹಾಕಿ ಆಸ್ತಿ ತೆರಿಗೆಯನ್ನು ಕಟ್ಟಿಹಾಕಿದ್ದಾರೆ. ನಮ್ಮ ರಾಜ್ಯದಲ್ಲೂ ಅಂಥ ಅವಕಾಶ ಬೇಡವೇ?
— ಓದುಗರು, ಸ್ಯಾನ್ ಹೋಸೆ

ಉತ್ತರ: ನೀವು ಹೇಳುತ್ತಿರುವುದು 1978ರ ಜೂನ್ 6ರಂದು ಮತಕ್ಕೆ ಬಂದ ಪ್ರಪೊಸಿಷನ್ 13ರ ವಿಷಯ. ಹೊವರ್ಡ್ ಜಾರ್ವಿಸ್ ಮತ್ತು ಅವರ ಸಂಗಡಿಗರು ಸಹಿಗಳ ಬಲದಿಂದ ಅದನ್ನು ಮತಪತ್ರಕ್ಕೆ ತಂದರು, ಸುಮಾರು ಶೇ. 65ರಷ್ಟು ಮತದಾರರು ಒಪ್ಪಿದರು. ಅಲ್ಲಿ ಸಹಿಗೆ ಕಾನೂನಿನ ಬಲವಿದೆ: ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು ಸಹಿಗಳಿದ್ದರೆ ರಾಜ್ಯದ ಸಂವಿಧಾನದ ತಿದ್ದುಪಡಿಯನ್ನೇ ಜನರ ಮುಂದಿಡಬಹುದು. ಸ್ವಿಟ್ಜರ್ಲೆಂಡಿನಲ್ಲೂ ಸಂಸತ್ತು ಒಪ್ಪಿದ ಕಾನೂನನ್ನು 100 ದಿನಗಳೊಳಗೆ 50,000 ಸಹಿಗಳ ಮೂಲಕ ಜನಮತಕ್ಕೆ ಒಯ್ಯಬಹುದು. ಭಾರತದಲ್ಲಿ ಇಂಥ ಏರ್ಪಾಡು ಇಲ್ಲ.

ಬೇಕೇ ಎಂಬುದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಪ್ರಪೊಸಿಷನ್ 13 ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ ಸೀಮಿತಗೊಳಿಸಿತು, ಮನೆ ಮಾರಾಟವಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದಂತೆ ಮಾಡಿತು. ಪಿಂಚಣಿಯಲ್ಲಿ ಬದುಕುವ ವೃದ್ಧರು ಮನೆ ಕಳೆದುಕೊಳ್ಳುವ ಭಯದಿಂದ ಪಾರಾದರು. ಆದರೆ ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಲ್ಲಿ, ದಶಕಗಳ ಹಿಂದೆ ಕೊಂಡವರು ಕಟ್ಟುವ ತೆರಿಗೆಯ ಹಲವು ಪಟ್ಟನ್ನು ನಿನ್ನೆ ಕೊಂಡವರು ಕಟ್ಟಬೇಕಾಗಿದೆ. ಕೆಲಸಕ್ಕಾಗಿ ಅಲ್ಲಿಗೆ ಬಂದು ಇತ್ತೀಚೆಗೆ ಮನೆ ಕೊಂಡ ನಮ್ಮವರೂ ಈ ಎರಡನೆಯ ಗುಂಪಿನಲ್ಲಿಯೇ ಇದ್ದಾರೆ. ನೀವೂ ನೆರೆಯವರ ಚಲನ್‌ನೊಂದಿಗೆ ನಿಮ್ಮದನ್ನು ಹೋಲಿಸಿ ನೋಡಬಹುದು. ಸ್ಥಳೀಯ ಶಾಲೆಗಳ ಆದಾಯ ಕುಸಿದು, ಅವು ರಾಜ್ಯ ಸರ್ಕಾರದ ಅನುದಾನವನ್ನು ಹೆಚ್ಚಾಗಿ ಅವಲಂಬಿಸಬೇಕಾಯಿತು. ಕಡಿಮೆ ತೆರಿಗೆ ಬೇಕೇ ಎಂದು ಮಾತ್ರ ಕೇಳಿದರೆ ಹೌದೆನ್ನದವರು ವಿರಳ. ಯಾವ ಖರ್ಚನ್ನು ಕಡಿತಗೊಳಿಸಬೇಕೆಂಬ ಪ್ರಶ್ನೆಯನ್ನು ಅದೇ ಮತಪತ್ರದಲ್ಲಿ ಕೇಳದ ವ್ಯವಸ್ಥೆಯನ್ನು ಹಾಗೆಯೇ ತರಬೇಕೆಂದು ಶಿಫಾರಸು ಮಾಡಲು ನಮಗೆ ಧೈರ್ಯ ಸಾಲದು. ಗ್ರಾಮಸಭೆ, ವಾರ್ಡ್ ಸಮಿತಿಗಳು ನಿಯಮದಂತೆ ಸೇರಿ ಲೆಕ್ಕ ಕೇಳುವಂತಾದರೆ ಅದೇ ನಮ್ಮ ಸದ್ಯದ ಅಗತ್ಯಕ್ಕೆ ಹತ್ತಿರವಾದದ್ದು.

ಕಾನೂನಿನ ಬಲವಿಲ್ಲದ ಸಹಿಗಳೂ ಸರ್ಕಾರವನ್ನು ತಡೆಯಬಲ್ಲವು ಎಂಬುದಕ್ಕೆ ಬ್ರಿಟನ್ನಿನ ನಿದರ್ಶನವಿದೆ. ರಸ್ತೆ ಬಳಕೆಗೆ ದೂರದ ಲೆಕ್ಕದಲ್ಲಿ ಶುಲ್ಕ ವಿಧಿಸುವ ಯೋಜನೆಯನ್ನು ವಿರೋಧಿಸಿ 2007ರಲ್ಲಿ ಪ್ರಧಾನಿ ಕಚೇರಿಯ ಜಾಲತಾಣದಲ್ಲಿ ಸುಮಾರು 18 ಲಕ್ಷ ಮಂದಿ ಸಹಿ ಹಾಕಿದರು. ಟೋನಿ ಬ್ಲೇರ್ ಅವರು ಯೋಜನೆಯನ್ನು ಸಮರ್ಥಿಸಿ ಅವರಿಗೆಲ್ಲ ಮಿಂಚಂಚೆ ಕಳಿಸಿದರು. ಯೋಜನೆ ಮಾತ್ರ ರಾಷ್ಟ್ರಮಟ್ಟದಲ್ಲಿ ಜಾರಿಗೆ ಬರಲೇ ಇಲ್ಲ.

ಪ್ರಶ್ನೆ: ಮನವಿ ಕೊಟ್ಟಿದ್ದೇವೆ. ತೀರ್ಮಾನ ಆಗುವವರೆಗೆ ತೆರಿಗೆ ಕಟ್ಟದೆ ಇರಬಹುದೇ? ಕೋರ್ಟಿಗೆ ಹೋದರೆ ಹೇಗೆ?
— ಅಂಗಡಿ ಮಾಲೀಕರು, ತುಮಕೂರು

ಉತ್ತರ: ಮನವಿ ಕೊಟ್ಟ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಕಟ್ಟದೆ ಉಳಿಸಿಕೊಂಡರೆ ಆಸ್ತಿ ತೆರಿಗೆಯ ಮೇಲೆ ತಿಂಗಳಿಗೆ ಶೇ. 2ರ ದಂಡ ಬೀಳುತ್ತದೆ. ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಸಿಗುವ ಶೇ. 5ರ ರಿಯಾಯಿತಿಯೂ ತಪ್ಪುತ್ತದೆ. ಕರನಿರಾಕರಣೆ ನಮ್ಮ ನಾಡಿಗೆ ಹೊಸದಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಭೂಕಂದಾಯ ಕೊಡದೆ ಜಮೀನುಗಳನ್ನು ಜಪ್ತಿಗೆ ಒಪ್ಪಿಸಿದರು. ಕಳೆದುಕೊಳ್ಳಲು ಸಿದ್ಧರಾಗಿಯೇ ಅವರು ಆ ಹೆಜ್ಜೆ ಇಟ್ಟಿದ್ದರು. ಅಂಗಡಿಯ ಆಸ್ತಿ ತೆರಿಗೆಯ ಏರಿಕೆಗೆ ಆ ಬೆಲೆ ತೆರಲು ನಿಮ್ಮ ಸಂಘದವರೆಲ್ಲ ಸಿದ್ಧರಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ.

2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳ ಪ್ರಕರಣ ನಿಮಗೆ ನೆನಪಿರಬಹುದು. ವ್ಯಾಪಾರಿಗಳು ಬಂದ್ ಕರೆ ಕೊಟ್ಟರು. ಮುಖ್ಯಮಂತ್ರಿಯವರೊಂದಿಗೆ ಸಭೆ ನಡೆದು, ಹಾಲು, ತರಕಾರಿ, ಹಣ್ಣುಗಳಂಥ ವಿನಾಯಿತಿ ಇರುವ ಸರಕುಗಳ ಮಾರಾಟಗಾರರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂಬ ಭರವಸೆ ಸಿಕ್ಕ ಮೇಲೆ ಕರೆಯನ್ನು ಹಿಂಪಡೆದರು. ಗಮನಿಸಬೇಕಾದದ್ದು, ವಸೂಲಿಯ ಕ್ರಮದಲ್ಲಿ ಸಡಿಲಿಕೆ ದೊರೆಯಿತೇ ಹೊರತು ಕಾನೂನು ಬದಲಾಗಲಿಲ್ಲ. ಸರಕುಗಳಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ ರೂಪಾಯಿ ಎಂಬ ನೋಂದಣಿಯ ಮಿತಿ ಹಾಗೆಯೇ ಉಳಿಯಿತು. ಮನವಿ ಬರೆಯುವಾಗ ನಿಮಗೆ ಬೇಕಾದದ್ದು ಇಂಥ ಸಡಿಲಿಕೆಯೋ ದರದ ಬದಲಾವಣೆಯೋ ಎಂಬುದನ್ನು ಬೇರ್ಪಡಿಸಿ ಬರೆಯಿರಿ. ಮೊದಲನೆಯದನ್ನು ಸ್ಥಳೀಯ ಅಧಿಕಾರಿಯೂ ಕೊಡಬಲ್ಲರು.

ನ್ಯಾಯಾಲಯ ಕೇಳುವ ಪ್ರಶ್ನೆಗಳೇ ಬೇರೆ. ತೆರಿಗೆ ಜನರಿಗೆ ಇಷ್ಟವಿಲ್ಲ ಎಂಬುದು ಅಲ್ಲಿ ವಾದವಾಗುವುದಿಲ್ಲ. ಅಧಿಕಾರ ಇತ್ತೇ, ಕಾನೂನು ಹೇಳಿದ ಕ್ರಮ ಪಾಲನೆಯಾಯಿತೇ, ತಾರತಮ್ಯವಾಗಿದೆಯೇ ಎಂಬುದನ್ನು ನೋಡುತ್ತಾರೆ. ಹೊರರಾಜ್ಯದ ವಾಹನ ಇಲ್ಲಿ 30 ದಿನ ಮೀರಿ ಇದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂಬ 2014ರ ತಿದ್ದುಪಡಿಯನ್ನು ನಮ್ಮ ಹೈಕೋರ್ಟ್ 2016ರಲ್ಲಿ ರದ್ದುಪಡಿಸಿದ್ದು ಇಂಥ ಆಧಾರದ ಮೇಲೆಯೇ. ಅಲ್ಲಿ ಸಹಿಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ. ನಿಮ್ಮ ಪ್ರಕರಣದಲ್ಲಿ ಕರಡು ಪ್ರಕಟಣೆಯೇ ಹೊರಡದೆ ದರ ಏರಿದ್ದರೆ, ಅಥವಾ ಸಲ್ಲಿಸಿದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಠರಾವು ಅಂಗೀಕರಿಸಿದ್ದರೆ, ವಕೀಲರನ್ನು ಕಾಣುವುದರಲ್ಲಿ ಅರ್ಥವಿದೆ. ಅಲ್ಲಿಯವರೆಗೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ’ ಎಂದು ಪತ್ರ ಬರೆದು, ಅದರ ಪ್ರತಿಗೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ತೆರಿಗೆ ಕಟ್ಟಿರಿ. ಆ ಪ್ರತಿಯನ್ನೂ, ಚಲನ್ ಅನ್ನೂ, ಆಕ್ಷೇಪಣೆಯ ಸ್ವೀಕೃತಿಯನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ವಕೀಲರು ಮೊದಲು ಕೇಳುವುದು ಆ ಮೂರನ್ನೇ.